ಪಟ್ಟಿಯಿಲ್ಲದ ಪ್ಯಾಡ್: ಹಿಡಿದಿಡಬೇಕಾದದ್ದು ಬಟ್ಟೆ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಒಂದೇ ವಿಷಯವನ್ನು ಬೇರೆ ಬೇರೆ ದಿಕ್ಕಿನಿಂದ ಕೇಳಿವೆ. ಪೆಟ್ಟು ತಡೆಯುವ ಪ್ಯಾಡನ್ನು ಮೈಗೆ ಪಟ್ಟಿ ಬಿಗಿದು ಕಟ್ಟಿಕೊಳ್ಳದೆ, ತೊಟ್ಟ ಬಟ್ಟೆಗೇ ಸೇರಿಸಿಕೊಳ್ಳುವುದು ಹೇಗೆ ಎಂಬುದು ಆ ವಿಷಯ. ಶಿವಮೊಗ್ಗದಲ್ಲಿ ಬಹಳ ವರ್ಷ ಹೊಲಿಗೆ ಕಲಿಸಿದವಳಾಗಿ, ಮನೆಯ ಹಿರಿಯರಿಗಾಗಿ ಇಂಥ ಉಡುಪುಗಳನ್ನು ಹೊಲಿದು, ತಪ್ಪಿ, ಬಿಚ್ಚಿ ಮತ್ತೆ ಹೊಲಿದವಳಾಗಿ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ತೋಟದ ನಡುವಿನ ಒಂಟಿ ಮನೆ. ನನ್ನ ತಾಯಿಯವರಿಗೆ 76 ವರ್ಷ. ಕಳೆದ ಮಳೆಗಾಲದಲ್ಲಿ ಬಚ್ಚಲಿಗೆ ಹೋಗುವಾಗ ಅಂಗಳದಲ್ಲಿ ಎರಡು ಸಲ ಜಾರಿ ಬಿದ್ದರು. ದೇವರ ದಯೆ, ಮೂಳೆ ಮುರಿಯಲಿಲ್ಲ. ಸೊಂಟಕ್ಕೆ ಪಟ್ಟಿ ಬಿಗಿದು ಕಟ್ಟುವ ಪ್ಯಾಡ್ ತಂದುಕೊಟ್ಟೆ. ಹೊಟ್ಟೆ ಹಿಡಿಯುತ್ತದೆ, ಚರ್ಮ ಕೆಂಪಾಗುತ್ತದೆ ಎಂದು ಮೂರೇ ದಿನಕ್ಕೆ ತೆಗೆದಿಟ್ಟರು. ಅಮ್ಮ ಉಡುವುದು ಸೀರೆ. ಲಂಗಕ್ಕೆ ಎರಡು ಜೇಬು ಹೊಲಿದು, ಹಳೆಯ ಹಾಸಿಗೆಯ ಸ್ಪಂಜು ಕತ್ತರಿಸಿ ಇಟ್ಟರೆ ಆದೀತೇ ಮೇಡಂ?

ಉತ್ತರ: ತಾಯಿಯವರು ಪಟ್ಟಿಯನ್ನು ತೆಗೆದಿಟ್ಟದ್ದು ಹಟದಿಂದಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ವಯಸ್ಸಾದವರ ಚರ್ಮ ತೆಳುವಾಗಿರುತ್ತದೆ. ಕುಳಿತು ಏಳುವಾಗಲೆಲ್ಲ ಬಿಗಿದ ಪಟ್ಟಿ ಒಂದೇ ಕಡೆ ಉಜ್ಜುತ್ತದೆ. ಅದನ್ನು ಸಡಿಲಿಸಿದರೆ ಪ್ಯಾಡ್ ಜಾರುತ್ತದೆ. ಪ್ಯಾಡನ್ನು ಬಟ್ಟೆಗೇ ಸೇರಿಸುವ ವಿಧಾನ ಬಂದದ್ದು ಈ ತೊಂದರೆಗಾಗಿಯೇ. ಆದರೆ ಪಟ್ಟಿ ಮಾಡುತ್ತಿದ್ದ ಕೆಲಸ, ಅಂದರೆ ಪ್ಯಾಡನ್ನು ಒಂದು ನಿಶ್ಚಿತ ಜಾಗದಲ್ಲಿ ಹಿಡಿದಿಡುವ ಕೆಲಸ, ಪಟ್ಟಿ ಹೋದ ಮೇಲೂ ಉಳಿದೇ ಇರುತ್ತದೆ, ಮತ್ತು ಅದನ್ನು ಇನ್ನು ಮುಂದೆ ಬಟ್ಟೆಯೇ ಮಾಡಬೇಕಾಗುತ್ತದೆ. ನಿಮ್ಮ ಲಂಗ ಆ ಕೆಲಸವನ್ನು ಮಾಡಲಾರದು. ಲಂಗ ಸೊಂಟದಲ್ಲಿ ಮಾತ್ರ ಬಿಗಿ, ಕೆಳಗೆಲ್ಲ ಸಡಿಲ. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಬಲಬದಿಯ ಜೇಬು ಮುಂದಕ್ಕೆ ಬಂದಿರುತ್ತದೆ, ಎಡಬದಿಯದು ಹಿಂದಕ್ಕೆ ಸರಿದಿರುತ್ತದೆ, ಮತ್ತು ಪೆಟ್ಟು ಬೀಳುವ ಜಾಗದಲ್ಲಿ ಬರೀ ಬಟ್ಟೆ ಉಳಿದಿರುತ್ತದೆ.

ಪೆಟ್ಟು ಬೀಳುವ ಆ ಜಾಗ ಯಾವುದು ಎಂಬಲ್ಲಿಯೇ ಹೆಚ್ಚಿನವರು ತಪ್ಪುತ್ತಾರೆ, ನಾನೂ ತಪ್ಪಿದ್ದೆ. ಹೊಸನಗರದ ಮನೆಯಲ್ಲಿ ನಮ್ಮ ಅತ್ತೆಯವರಿಗೆಂದು ಮೊದಲು ಹೊಲಿದ ಉಡುಪಿನಲ್ಲಿ ಜೇಬನ್ನು ಸೀರೆಯ ಗಂಟು ಬೀಳುವ ಎಲುಬಿನ ಮೇಲೆ ಇಟ್ಟಿದ್ದೆ, ಏಕೆಂದರೆ ಸೊಂಟವೆಂದರೆ ಅದೇ ಎಂದು ನಾವೆಲ್ಲ ತಿಳಿದಿರುತ್ತೇವೆ. ಮುರಿಯುವ ಮೂಳೆ ಅದಲ್ಲ. ತೊಡೆಮೂಳೆಯ ಮೇಲ್ತುದಿಯಲ್ಲಿ, ಹೊರಬದಿಗೆ ಉಬ್ಬಿಕೊಂಡಿರುವ ಒಂದು ಗಂಟು ಇದೆ. ಹಿರಿಯರು ಪಕ್ಕಕ್ಕೆ ಬಿದ್ದಾಗ ನೆಲಕ್ಕೆ ಬಡಿಯುವುದು ಆ ಗಂಟು, ಮತ್ತು ಅಲ್ಲಿ ಬಿದ್ದ ಬಲ ಒಳಕ್ಕೆ ಸಾಗಿ ತೊಡೆಮೂಳೆಯ ಕುತ್ತಿಗೆಯನ್ನು ಮುರಿಯುತ್ತದೆ. ಅದನ್ನು ಕಂಡುಹಿಡಿಯಲು ತಾಯಿಯವರನ್ನು ಗೋಡೆ ಹಿಡಿದು ನಿಲ್ಲಿಸಿ, ಸೊಂಟದ ಕೆಳಗೆ ಬದಿಯಲ್ಲಿ ನಿಮ್ಮ ಅಂಗೈಯನ್ನು ಒತ್ತಿಡಿ, ಆ ಕಾಲಿನ ಪಾದವನ್ನು ಒಳಕ್ಕೂ ಹೊರಕ್ಕೂ ತಿರುಗಿಸಲು ಹೇಳಿ. ಅಂಗೈಯ ಕೆಳಗೆ ಒಂದು ಗಟ್ಟಿ ಗಂಟು ಹೊರಳುವುದು ತಿಳಿಯುತ್ತದೆ. ಪ್ಯಾಡಿನ ನಡುಭಾಗ ಅಲ್ಲಿಗೆ ಬರಬೇಕು. ನಾನು ಇಟ್ಟ ಜೇಬು ಅದಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಅತ್ತೆಯವರು ಬಿದ್ದಾಗ ಮೂಳೆ ಉಳಿದರೂ ತೊಡೆಯ ಬದಿಯೆಲ್ಲ ನೀಲಿಗಟ್ಟಿತ್ತು, ಪ್ಯಾಡ್ ಇದ್ದ ಕಡೆ ಒಂದು ಗೀರೂ ಇರಲಿಲ್ಲ. ಆ ಗುರುತನ್ನು ನೋಡಿದ ಮೇಲೆಯೇ ನನಗೆ ನನ್ನ ತಪ್ಪು ಅರ್ಥವಾದದ್ದು.

ಹಾಸಿಗೆಯ ಸ್ಪಂಜು ಬೇಡ. ಅದನ್ನು ಬೆರಳಿನಿಂದ ಒತ್ತಿ ನೋಡಿ, ಪೂರ್ತಿ ಚಪ್ಪಟೆಯಾಗಿ ಕೆಳಗಿನ ಹಲಗೆ ಬೆರಳಿಗೆ ತಾಗುತ್ತದೆ. ಮನುಷ್ಯನ ಮೈಭಾರದ ಪೆಟ್ಟಿಗೆ ಅದು ಇದ್ದೂ ಇಲ್ಲದಂತೆ. ಇದಕ್ಕೆಂದೇ ತಯಾರಾಗುವ ಪ್ಯಾಡುಗಳು ಎರಡು ಬಗೆಯವು. ಗಟ್ಟಿ ಚಿಪ್ಪಿನಂಥದ್ದು ಗಂಟಿನ ಮೇಲೆ ಸೇತುವೆಯಂತೆ ಕುಳಿತು, ಬಿದ್ದ ಬಲವನ್ನು ಸುತ್ತಲಿನ ಮಾಂಸಖಂಡಕ್ಕೆ ಹಂಚಿಬಿಡುತ್ತದೆ. ಮೆತ್ತನೆಯದು ಬಲವನ್ನು ತಾನೇ ಹೀರಿಕೊಳ್ಳುತ್ತದೆ. ಪಕ್ಕಕ್ಕೆ ಮಲಗುವ ಅಭ್ಯಾಸವಿದ್ದರೆ ಮೆತ್ತನೆಯದೇ ಲೇಸು, ಏಕೆಂದರೆ ರಾತ್ರಿ ಬಚ್ಚಲಿಗೆಂದು ಎದ್ದಾಗ ಬೀಳುವವರು ಬಹಳ, ಮತ್ತು ಮಲಗುವಾಗ ಚುಚ್ಚುವ ವಸ್ತುವನ್ನು ಯಾರೂ ರಾತ್ರಿ ತೊಟ್ಟುಕೊಳ್ಳುವುದಿಲ್ಲ.

ಇನ್ನು ಹೊಲಿಗೆ. ಲಂಗದ ಒಳಗೆ ತೊಡುವ, ತೊಡೆಯ ಅರ್ಧದವರೆಗೆ ಬರುವ ಹೆಣೆದ ಹತ್ತಿಯ ಚಡ್ಡಿಯನ್ನು ಆರಿಸಿಕೊಳ್ಳಿ. ಅದರಲ್ಲಿ ಸ್ವಲ್ಪ ಲೈಕ್ರಾ ಇದ್ದರೆ ಮೈಗೆ ಅಂಟಿ ನಿಲ್ಲುತ್ತದೆ, ಆದರೆ ಕಾಲಿನ ಅಂಚಿನಲ್ಲಿ ಗುರುತು ಮೂಡುವಷ್ಟು ಬಿಗಿ ಇರಬಾರದು. ಅದನ್ನು ತೊಡಿಸಿಯೇ, ಮೂಳೆಯ ಗಂಟಿನ ಜಾಗಕ್ಕೆ ಟೈಲರ್ ಚಾಕಿನಿಂದ ಗುರುತು ಹಾಕಿ. ಮೇಜಿನ ಮೇಲೆ ಹರಡಿ ಅಳತೆ ಹಾಕಿದರೆ ತಪ್ಪುತ್ತದೆ, ಏಕೆಂದರೆ ಮೈಮೇಲೆ ಹಿಗ್ಗಿದ ಬಟ್ಟೆಯಲ್ಲಿ ಗುರುತು ಸರಿದಿರುತ್ತದೆ. ಜೇಬನ್ನು ಹೊರಬದಿಗೆ ಹೊಲಿದು, ಬಾಯಿಯನ್ನು ದಿಂಬಿನ ಚೀಲದಂತೆ ಒಂದರ ಮೇಲೊಂದು ಮಡಿಕೆ ಬರುವ ಹಾಗೆ ಮಾಡಿ; ಒಗೆಯುವಾಗ ಪ್ಯಾಡ್ ಹೊರಬರಬೇಕು, ನಡೆಯುವಾಗ ಬರಬಾರದು. ಟಿಚ್ ಬಟನ್ ಹಾಕುವ ಆಸೆ ಬೇಡ, ಬಿದ್ದಾಗ ಆ ಲೋಹದ ಗುಂಡಿಯೇ ಮೈಗೆ ಒತ್ತುತ್ತದೆ. ಈಗ ಕೆಲವರು ಅಯಸ್ಕಾಂತದ ಗುಂಡಿಗಳನ್ನೂ ಹೊಲಿಯುತ್ತಾರೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರ ಉಡುಪಿನಲ್ಲಿ ಅದು ಖಂಡಿತ ಕೂಡದು.

ಹೊಲಿದಾದ ಮೇಲೆ ತಾಯಿಯವರಿಂದ ಮನೆಯೊಳಗೆ ಸ್ವಲ್ಪ ನಡೆದಾಡಿಸಿ, ತಗ್ಗಿನ ಮಣೆಯ ಮೇಲೆ ಕೂರಿಸಿ ಎಬ್ಬಿಸಿ, ಒಮ್ಮೆ ಬಚ್ಚಲಿಗೆ ಹೋಗಿ ಬರಲು ಹೇಳಿ, ನಂತರ ಮತ್ತೆ ಅಂಗೈ ಇಟ್ಟು ನೋಡಿ. ಗಂಟು ಪ್ಯಾಡಿನ ಕೆಳಗೇ ಇದ್ದರೆ ಉಡುಪು ಸರಿಯಾಗಿದೆ. ಬೆರಳಿನ ಅಗಲ ಸರಿದಿದ್ದರೂ ಜೇಬನ್ನು ಬಿಚ್ಚಿ ಹೊಲಿಯಿರಿ. ಒಬ್ಬರೇ ತೊಟ್ಟು ಬಿಚ್ಚಲು ಆಗುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಬಚ್ಚಲಿಗೆ ಹೋಗುವ ಅವಸರದಲ್ಲಿ ಕೆಳಗಿಳಿಸಲು ಕಷ್ಟವಾದರೆ ಅವರು ನಾಳೆಯಿಂದ ಅದನ್ನು ತೊಡುವುದಿಲ್ಲ, ಅವಸರದಲ್ಲಿಯೇ ಬೀಳಲೂಬಹುದು. ಅಂಥವರಿಗೆ ನಡುಭಾಗ ತೆರೆದಿರುವ ಮಾದರಿಯ ಉಡುಪೂ ಇದೆ.

ಇದರಿಂದ ಎಷ್ಟು ಪ್ರಯೋಜನ ಎಂದು ನೀವು ಕೇಳಿಲ್ಲ, ಆದರೆ ಹೇಳುವುದು ನನ್ನ ಕರ್ತವ್ಯ. ಫಿನ್ಲೆಂಡ್ ದೇಶದಲ್ಲಿ 1801 ಮಂದಿ ದುರ್ಬಲ ಹಿರಿಯರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ಯಾಡಿನ ಒಳಉಡುಪು ಕೊಟ್ಟವರ ಗುಂಪಿನಲ್ಲಿ ಈ ಮೂಳೆಮುರಿತ ಸುಮಾರು ಶೇಕಡಾ 60ರಷ್ಟು ಕಡಿಮೆಯಿತ್ತು. ಅದೇ ಗುಂಪಿನಲ್ಲಿ, ಉಡುಪನ್ನು ತೊಟ್ಟಿದ್ದಾಗ 1034 ಸಲ ಬಿದ್ದುದರಲ್ಲಿ 4 ಮಂದಿಗೆ ಮೂಳೆ ಮುರಿದರೆ, ತೊಡದೆ ಇದ್ದಾಗ 370 ಸಲ ಬಿದ್ದುದರಲ್ಲಿ 9 ಮಂದಿಗೆ ಮುರಿಯಿತು. ಮುಂದೆ ಬಂದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇಷ್ಟು ದೊಡ್ಡ ಲಾಭ ಕಾಣಲಿಲ್ಲ: ಆರೈಕೆ ಕೇಂದ್ರಗಳಲ್ಲಿರುವವರಿಗೆ ಸ್ವಲ್ಪ ಪ್ರಯೋಜನ, ತಮ್ಮ ಮನೆಗಳಲ್ಲೇ ಇರುವವರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂಬುದು ಅವುಗಳ ತೀರ್ಮಾನ. ಕೊಟ್ಟ ಉಡುಪನ್ನು ಬಹಳ ಜನ ಬೇಗ ತೊಡುವುದನ್ನೇ ಬಿಟ್ಟುಬಿಡುವುದು ಇದರಲ್ಲಿ ಎದ್ದು ಕಾಣುವ ತೊಡಕು. ಹಾಗಾಗಿ ತಾಯಿಯವರಿಗೆ ಹಿತವಾಗುವಂತೆ ಹೊಲಿಯುವುದಕ್ಕೆ ನೀವು ಖರ್ಚುಮಾಡುವ ಎರಡು ಮೂರು ದಿನ ವ್ಯರ್ಥವೆಂದು ಎಣಿಸಬೇಡಿ. ಜೊತೆಗೆ ಅಂಗಳದ ಪಾಚಿಯನ್ನು ಕೆರೆಸಿ, ಬಚ್ಚಲ ದಾರಿಗೆ ಹಿಡಿದು ನಡೆಯಲು ಒಂದು ಗಳ ಕಟ್ಟಿಸಿ, ರಾತ್ರಿ ದೀಪ ಇರಲಿ. ಎರಡು ಸಲ ಬಿದ್ದವರನ್ನು ವೈದ್ಯರಿಗೆ ತೋರಿಸಿ ಮೂಳೆಯ ಸಾಂದ್ರತೆ, ಕಣ್ಣು, ನುಂಗುತ್ತಿರುವ ಮಾತ್ರೆಗಳು ಇವನ್ನೆಲ್ಲ ಪರೀಕ್ಷಿಸಿಕೊಳ್ಳಿ. ಪ್ಯಾಡ್ ಬೀಳುವುದನ್ನು ತಡೆಯುವುದಿಲ್ಲ.

ಪ್ರಶ್ನೆ: ನಾನು ಸಾಗರದ ಕಡೆಯ ಅಡಿಕೆ ಬೆಳೆಗಾರ. ನಮ್ಮ ತೋಟಕ್ಕೆ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯಲು ಬರುವ ಕೊನೆಗೌಡರಿಗೆ ಎದೆ, ಮೊಳಕೈಯ ಒಳಬದಿ, ತೊಡೆ ಎಲ್ಲ ಮರಕ್ಕೆ ಉಜ್ಜಿ ಸುಲಿದುಹೋಗುತ್ತದೆ. ಅಂಗಿಗೆ ವೆಲ್ಕ್ರೋದಿಂದ ಅಂಟಿಸಿ ತೆಗೆಯಬಹುದಾದ ದಪ್ಪ ಪ್ಯಾಡ್ ಮಾಡಿಸಿಕೊಡಬೇಕೆಂದಿದ್ದೇನೆ. ಬಿದ್ದರೂ ಅದು ಕಾಪಾಡೀತು ಎಂಬ ಆಸೆ. ಸರಿಯೇ?

ಉತ್ತರ: ನಿಮ್ಮ ತೋಟಕ್ಕೆ ಬರುವವರ ಮೈಯ ಬಗ್ಗೆ ನೀವು ಯೋಚಿಸಿದ್ದು ಸಂತೋಷ. ಆದರೆ ಎರಡನೆಯ ಆಸೆಯನ್ನು ದಯವಿಟ್ಟು ಇಂದೇ ಬಿಡಿ. ಐವತ್ತು ಅರವತ್ತು ಅಡಿ ಎತ್ತರದ ಮರದಿಂದ ಬಿದ್ದವರನ್ನು ಯಾವ ಪ್ಯಾಡೂ ಉಳಿಸಲಾರದು. ಅಲ್ಲಿ ಕಾಪಾಡುವುದು ಮರಕ್ಕೆ ಬಿಗಿದ ಹಗ್ಗ ಮತ್ತು ಹೆಗಲು, ತೊಡೆಗಳನ್ನು ಸುತ್ತುವ ಪೂರ್ಣ ದೇಹದ ಸುರಕ್ಷತಾ ಬೆಲ್ಟ್. ಪ್ಯಾಡಿನ ಪಟ್ಟಿಯನ್ನು ತೆಗೆಯಬಹುದು, ಆ ಬೆಲ್ಟಿನ ಪಟ್ಟಿಯನ್ನು ತೆಗೆಯುವ ಮಾತೇ ಇಲ್ಲ. ಬೆಲ್ಟಿನ ಪಟ್ಟಿ ಹಾಯುವ ಜಾಗದಲ್ಲಿ ದಪ್ಪ ಪ್ಯಾಡ್ ಇಟ್ಟರೆ ಬೆಲ್ಟ್ ಮೈಗೆ ಸರಿಯಾಗಿ ಕೂರುವುದಿಲ್ಲ, ಅದರಿಂದ ಹೊಸ ಅಪಾಯ. ಸಾಧ್ಯವಿದ್ದ ಕಡೆ ನೆಲದಲ್ಲಿ ನಿಂತೇ ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿಯನ್ನು ಬಳಸುವುದು ಇನ್ನೂ ಒಳ್ಳೆಯದು.

ಉಜ್ಜುಗಾಯದ ವಿಷಯ ಬೇರೆ. ಪೆಟ್ಟು ತಡೆಯಲು ದಪ್ಪ ಬೇಕು, ಉಜ್ಜುವುದನ್ನು ತಡೆಯಲು ಗಟ್ಟಿತನ ಬೇಕು. ಮರವನ್ನು ಅಪ್ಪಿ ಹತ್ತುವವರಿಗೆ ಮೈಗೂ ಮರಕ್ಕೂ ನಡುವೆ ಇರುವ ಹಿಡಿತವೇ ಜೀವ. ದಪ್ಪ ಫೋಮ್ ಇಟ್ಟರೆ ಆ ಹಿಡಿತ ತಪ್ಪುತ್ತದೆ. ಮೈಗೆ ಹೊಂದುವ ಗಟ್ಟಿ ಹತ್ತಿಯ ಅಂಗಿಗೆ ಎದೆಯ ಮೇಲೆ ಮತ್ತು ತೋಳಿನ ಒಳಬದಿಯಲ್ಲಿ ಕ್ಯಾನ್ವಾಸಿನ ಇನ್ನೊಂದು ಪದರವನ್ನು ಚೌಕ ಚೌಕವಾಗಿ ಅಡ್ಡಹೊಲಿಗೆ ಹಾಕಿ ಕೂಡಿಸಿದರೆ ಸಾಕು. ಮೆತ್ತಗೆ ಬೇಕೇಬೇಕು ಎನಿಸಿದಲ್ಲಿ ಎರಡು ಪದರಗಳ ನಡುವೆ ತೆಳ್ಳನೆಯ ಇ.ವಿ.ಎ. ಫೋಮ್ ಇಡಬಹುದು, ಹಗುರ ಚಪ್ಪಲಿಗಳ ಅಟ್ಟೆಗೆ ಬಳಸುವ ಆ ಫೋಮ್ ನೀರನ್ನು ಹೀರುವುದಿಲ್ಲ. ಸಾಮಾನ್ಯ ಸ್ಪಂಜಾದರೆ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ದ್ರಾವಣವನ್ನೂ ಬೆವರನ್ನೂ ಹೀರಿಕೊಂಡು ದಿನವಿಡೀ ಚರ್ಮಕ್ಕೆ ತಾಗಿಸಿಕೊಂಡಿರುತ್ತದೆ.

ವೆಲ್ಕ್ರೋ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪಟ್ಟಿಯಿಲ್ಲದ ಪ್ಯಾಡ್ ಎಂದೊಡನೆ ಎಲ್ಲರ ಮನಸ್ಸಿಗೂ ಬರುವುದು ಅದೇ. ತೋಟದಲ್ಲಿ ನಡೆದು ಬಂದಾಗ ಉತ್ತರಾಣಿಯ ಕಾಳು ಪಂಚೆಗೆ ಕಚ್ಚಿಕೊಂಡಿರುತ್ತದಲ್ಲವೇ, ಅಂಥದೇ ಒಂದು ಮುಳ್ಳುಕಾಯಿ 1941ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್ ಅವರ ಬಟ್ಟೆಗೂ ಅವರ ನಾಯಿಯ ಕೂದಲಿಗೂ ಅಂಟಿತ್ತು. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಒಂದು ಬದಿಗೆ ಕೊಕ್ಕೆ, ಇನ್ನೊಂದು ಬದಿಗೆ ಕುಣಿಕೆ ಇರುವ ಈ ಪಟ್ಟಿಯನ್ನು ಅವರು ರೂಪಿಸಿದರು. ಇದರ ಗುಣವೆಂದರೆ, ಎರಡು ಬದಿಗಳನ್ನು ಒಂದರ ಮೇಲೊಂದು ಜಾರಿಸಲು ಎಳೆದರೆ ಬಲವಾಗಿ ಹಿಡಿಯುತ್ತದೆ, ಅಂಚಿನಿಂದ ಎತ್ತಿ ಸುಲಿದರೆ ಸುಲಭವಾಗಿ ಬಿಡುತ್ತದೆ. ಮರ ಹತ್ತುವಾಗ ಎದೆಯ ಮೇಲಿನ ಪ್ಯಾಡಿನ ಮೇಲಂಚು ಮರಕ್ಕೆ ಸಿಕ್ಕಿ ಸುಲಿಯುವ ದಿಕ್ಕಿನಲ್ಲಿಯೇ ಎಳೆತ ಬೀಳುತ್ತದೆ. ಮೇಲೆ ಅಡಿಕೆ ಸಿಪ್ಪೆಯ ನಾರು, ಪಾಚಿ, ಮಣ್ಣು ಕೊಕ್ಕೆಗಳಲ್ಲಿ ತುಂಬಿಕೊಂಡು ವಾರದೊಳಗೆ ಹಿಡಿತ ಹೋಗುತ್ತದೆ. ಮರದ ಮೇಲೆ ಅರ್ಧ ಕಿತ್ತು ಜೋಲಾಡುವ ಪ್ಯಾಡಿಗಿಂತ ಪ್ಯಾಡ್ ಇಲ್ಲದಿರುವುದೇ ಕ್ಷೇಮ. ಹೊಲಿದೇ ಬಿಡಿ. ಮಾಡಿಸುವ ಮೊದಲು ಆ ಕೊನೆಗೌಡರಿಗೇ ಒಂದು ಅಂಗಿ ಕೊಟ್ಟು, ನಾಲ್ಕು ಮರ ಹತ್ತಿ ಇಳಿದ ಮೇಲೆ ಎಲ್ಲಿ ತೊಡಕಾಯಿತು ಎಂದು ಕೇಳಿ. ಅವರ ಮಾತೇ ಇದರಲ್ಲಿ ಕೊನೆಯ ಮಾತು.

ಪ್ರಶ್ನೆ: ಶಿವಮೊಗ್ಗದಲ್ಲಿ ಟೈಲ್ಸ್ ಹಾಕುವ ಕೆಲಸ ನನ್ನದು. ದಿನವಿಡೀ ಮಂಡಿಯೂರಿರಬೇಕು. ಮಂಡಿಗೆ ಪಟ್ಟಿ ಕಟ್ಟಿದರೆ ಮೊಣಕಾಲಿನ ಹಿಂಬದಿ ಕತ್ತರಿಸಿದಂತಾಗುತ್ತದೆ. ಪ್ಯಾಂಟಿಗೇ ಪ್ಯಾಡ್ ಸೇರಿಸಬಹುದೇ?

ಉತ್ತರ: ಖಂಡಿತ ಸೇರಿಸಬಹುದು, ಮತ್ತು ನೀವು ಹಾಗೆಯೇ ಮಾಡಬೇಕು. ಮಂಡಿಯೂರಿ ಮಾಡುವ ಕೆಲಸಕ್ಕೆ ಯುರೋಪಿನಲ್ಲಿ ಇರುವ ಇ.ಎನ್. 14404 ಎಂಬ ಮಾನದಂಡವು ಕಾಲಿಗೆ ಕಟ್ಟುವ ಪ್ಯಾಡನ್ನು ಮೊದಲನೆಯ ಬಗೆ ಎಂದೂ, ಪ್ಯಾಂಟಿನ ಜೇಬಿನಲ್ಲಿ ಇಡುವುದನ್ನು ಎರಡನೆಯ ಬಗೆ ಎಂದೂ, ನೆಲಕ್ಕೆ ಹಾಸಿಕೊಳ್ಳುವ ಚಾಪೆಯಂಥದ್ದನ್ನು ಮೂರನೆಯ ಬಗೆ ಎಂದೂ ವಿಂಗಡಿಸಿದೆ. ನಿಮಗೆ ಬೇಕಾದದ್ದು ಎರಡನೆಯದು.

ಜೇಬಿನ ಜಾಗವನ್ನು ನಿಂತುಕೊಂಡು ಗುರುತಿಸಬೇಡಿ. ಮಳೆಗೆ ಹೊದೆಯುವ ನಮ್ಮ ಕಡೆಯ ಗೊರಬನ್ನು ನೆನಪಿಸಿಕೊಳ್ಳಿ: ಅದಕ್ಕೆ ಕಟ್ಟುವ ಪಟ್ಟಿಯಿಲ್ಲ, ಆದರೂ ನಾಟಿಗೆ ಬಗ್ಗಿದ ಹೆಂಗಸರ ತಲೆಯಿಂದ ಸೊಂಟದವರೆಗೆ ಕದಲದೆ ಕೂರುತ್ತದೆ, ಏಕೆಂದರೆ ಅದನ್ನು ಹೆಣೆದದ್ದೇ ಬಗ್ಗಿದ ಬೆನ್ನಿಗಾಗಿ. ನಿಮ್ಮ ಪ್ಯಾಂಟಿನ ಬಟ್ಟೆ ಕಾಲು ಮಡಿಸಿದಾಗ ಮೇಲಕ್ಕೆ ಸರಿಯುತ್ತದೆ. ನಿಂತಾಗ ಮಂಡಿಚಿಪ್ಪಿನ ಮೇಲೆ ನೇರ ಇದ್ದ ಪ್ಯಾಡ್ ನೀವು ಕುಳಿತಾಗ ತೊಡೆಯ ಕಡೆಗೆ ಹೋಗಿರುತ್ತದೆ. ಆದ್ದರಿಂದ ಕೆಲಸದ ಭಂಗಿಯಲ್ಲೇ ಮಂಡಿಯೂರಿ, ಒಂದೆರಡು ಸಲ ಮುಂದಕ್ಕೆ ಹಿಂದಕ್ಕೆ ತೆವಳಿ, ನೆಲಕ್ಕೆ ತಾಗಿರುವ ಭಾಗಕ್ಕೆ ಇನ್ನೊಬ್ಬರಿಂದ ಗುರುತು ಹಾಕಿಸಿ. ಜೇಬಿನ ಬಾಯಿ ಕೆಳಗಿದ್ದರೆ ಪ್ಯಾಡ್ ಬಿದ್ದುಹೋಗದಂತೆ ಮಡಿಕೆ ಆಳವಾಗಿರಲಿ, ಮೇಲಿದ್ದರೆ ಸಿಮೆಂಟ್ ಮತ್ತು ಮರಳು ಒಳಗೆ ಸೇರದಂತೆ ಮುಚ್ಚಿಗೆ ಇರಲಿ. ಮಂಡಿಯ ಮುಂದೆ ಊದಿಕೊಂಡು ಬಿಸಿಯಾಗಿದ್ದರೆ, ಅಥವಾ ಈಗಾಗಲೇ ನೀರು ತುಂಬಿದಂತಿದ್ದರೆ, ಪ್ಯಾಡ್ ಹೊಲಿಸುವ ಮೊದಲು ವೈದ್ಯರನ್ನು ಕಾಣಿರಿ.

ಪ್ರಶ್ನೆ: ನಮ್ಮ ಮಗ ಬೈಕಿನಲ್ಲಿ ಆಗುಂಬೆ ಘಾಟಿಯ ದಾರಿಯಾಗಿ ಉಡುಪಿಗೆ ಓಡಾಡುತ್ತಾನೆ. ಹೆಗಲು, ಮೊಳಕೈಗೆ ಜೇಬಿನೊಳಗೆ ಪ್ಯಾಡ್ ಇರುವ ಜಾಕೆಟ್ ಕೊಂಡಿದ್ದಾನೆ. ಎರಡು ಅಳತೆ ದೊಡ್ಡದೇ ಇರಲಿ ಎಂದು ಒಳಗೆ ಸ್ವೆಟರ್ ಹಾಕಲು ಅನುಕೂಲವಾಗುವಂತೆ ತೆಗೆದುಕೊಂಡಿದ್ದಾನೆ. ಮಳೆಗಾಲದಲ್ಲಿ ಒದ್ದೆಯಾದರೆ ಪ್ಯಾಡ್ ಕೆಡುತ್ತದೆಯೇ?

ಉತ್ತರ: ನೀವು ಕೇಳಿದ್ದು ಒದ್ದೆಯ ಬಗ್ಗೆ, ನನ್ನ ಆತಂಕ ಅಳತೆಯ ಬಗ್ಗೆ. ಮಗನಿಗೆ ಜಾಕೆಟ್ ತೊಡಿಸಿ, ಬೈಕಿನ ಹಿಡಿಯನ್ನು ಹಿಡಿದಂತೆ ಕೈ ಚಾಚಲು ಹೇಳಿ, ಮೊಳಕೈಯ ಪ್ಯಾಡನ್ನು ಹಿಡಿದು ತಿರುಗಿಸಿ ನೋಡಿ. ಅದು ಮೊಳಕೈಯ ಸುತ್ತ ಹೊರಳಿದರೆ, ರಸ್ತೆಯ ಮೇಲೆ ಜಾರುವಾಗಲೂ ಹೊರಳುತ್ತದೆ, ಮತ್ತು ಮೂಳೆ ಡಾಂಬರಿಗೆ ನೇರವಾಗಿ ತಾಗುತ್ತದೆ. ಆ ಜಾಕೆಟನ್ನು ಬದಲಾಯಿಸಿಕೊಳ್ಳಿ. ಬದಲಾಯಿಸಲು ಆಗದಿದ್ದರೆ ತೋಳನ್ನು ಹಿಡಿಸಲು ತಿಳಿದವರ ಬಳಿ ಕೊಡಿ. ಪ್ಯಾಡನ್ನು ಜೇಬಿನಿಂದ ಹೊರತೆಗೆದು ಅದರ ಮೇಲಿನ ಅಚ್ಚನ್ನೂ ಓದಿ. ಇ.ಎನ್. 1621-1 ಎಂದಿದ್ದರೆ ಅದು ಹೆಗಲು, ಮೊಳಕೈ, ಮಂಡಿಗಳ ಪ್ಯಾಡಿಗೆ ಇರುವ ಯುರೋಪಿನ ಪರೀಕ್ಷೆ. 5 ಕಿಲೋ ತೂಕದ ಲೋಹವನ್ನು ಸುಮಾರು 1 ಮೀಟರ್ ಎತ್ತರದಿಂದ ಬೀಳಿಸಿದಷ್ಟು, ಅಂದರೆ 50 ಜೂಲ್ ಪೆಟ್ಟನ್ನು ಕೊಟ್ಟು, ಪ್ಯಾಡಿನ ಆಚೆ ಎಷ್ಟು ಬಲ ದಾಟಿತು ಎಂದು ಅಳೆಯುತ್ತಾರೆ. ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಒಂದನೆಯ ಹಂತ, 20 ಮೀರದಿದ್ದರೆ ಎರಡನೆಯ ಹಂತ. ಅಚ್ಚೇ ಇಲ್ಲದ ತೆಳು ಸ್ಪಂಜಿನ ತುಂಡನ್ನು ಜಾಕೆಟಿನ ಆಕಾರ ಚೆಂದ ಕಾಣಲೆಂದು ಇಟ್ಟಿರುವುದೂ ಉಂಟು. ಬೆನ್ನಿನ ಜೇಬಿನಲ್ಲಂತೂ ಇದು ಸಾಮಾನ್ಯ. ಬೆನ್ನಿನ ಪ್ಯಾಡಿಗೆ ಬೇರೆಯೇ ಪರೀಕ್ಷೆಯಿದೆ, ಅದು 1621-2.

ಇನ್ನು ಒದ್ದೆಯ ವಿಷಯ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ದಾರಿಯಲ್ಲಿ ಓಡಾಡುವವನಿಗೆ ಇದು ಸಣ್ಣ ಮಾತಲ್ಲ. ಒಂದು ಸಲ ನೆನೆದರೆ ಪ್ಯಾಡ್ ಹಾಳಾಗುವುದಿಲ್ಲ. ಆದರೆ ಪಾಲಿಯುರೆಥೇನಿನಿಂದ ಮಾಡಿದ ಫೋಮ್ ವರ್ಷಗಟ್ಟಲೆ ತೇವದ ಗಾಳಿಯಲ್ಲಿದ್ದರೆ ಒಳಗೊಳಗೇ ಸವೆಯುತ್ತದೆ. ಬಹಳ ದಿನ ಬಳಸದೆ ಇಟ್ಟ ಬೂಟಿನ ಅಟ್ಟೆ ನಮ್ಮ ಮಲೆನಾಡಿನ ಮನೆಗಳಲ್ಲಿ ಪುಡಿಪುಡಿಯಾಗಿ ಉದುರುವುದನ್ನು ನೀವೂ ಕಂಡಿರಬಹುದು. ಮಳೆಗಾಲ ಮುಗಿದ ಮೇಲೆ ಪ್ರತಿ ಪ್ಯಾಡನ್ನೂ ತೆಗೆದು ಬಗ್ಗಿಸಿ ನೋಡಿ. ಅಂಟಂಟಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಹೆಬ್ಬೆರಳಿನಿಂದ ಒತ್ತಿದ ಗುಳಿ ಹಾಗೆಯೇ ಉಳಿದರೆ ಹೊಸದನ್ನು ಹಾಕಿಸಿ. ಬಲವಾಗಿ ಒಮ್ಮೆ ಬಿದ್ದ ಮೇಲೆ, ಕಣ್ಣಿಗೆ ಏನೂ ಕಾಣದಿದ್ದರೂ, ಆ ಬದಿಯ ಪ್ಯಾಡನ್ನು ಬದಲಿಸುವುದೇ ಸರಿ.

ಒಣಗಿಸುವ ಕ್ರಮ ಮೇಲಿನ ಎಲ್ಲರಿಗೂ ಒಂದೇ. ಪ್ಯಾಡನ್ನು ಹೊರತೆಗೆದು ಬಟ್ಟೆಯನ್ನು ಮಾತ್ರ ಒಗೆಯಿರಿ. ಪ್ಯಾಡನ್ನು ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಗಾಳಿಗೆ ಇಡಿ. ಆಷಾಢದಲ್ಲಿ ಏನೂ ಒಣಗದು ಎಂದು ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕುವುದು ನಮ್ಮ ಮನೆಗಳ ರೂಢಿ. ಬಟ್ಟೆಗೆ ಅದು ಸರಿ. ಫೋಮ್ ಆ ಬಿಸಿಗೆ ಸೊಟ್ಟಗಾಗಿ ಗಟ್ಟಿಯಾಗುತ್ತದೆ. ತೀರ್ಥಹಳ್ಳಿಯವರು ತಾಯಿಯವರಿಗೆ ಒಂದು ಜೊತೆ ಪ್ಯಾಡಿಗೆ ನಾಲ್ಕು ಚಡ್ಡಿಗಳನ್ನಾದರೂ ಹೊಲಿಸಿಡಲಿ. ಒಂದು ಮೈಮೇಲೆ, ಒಂದು ಪೆಟ್ಟಿಗೆಯಲ್ಲಿ, ಎರಡು ಹಗ್ಗದ ಮೇಲೆ ಇದ್ದರೆ ಮಳೆಗಾಲದಲ್ಲಿ ಒಂದು ದಿನವೂ ತಪ್ಪದೆ ತೊಡಬಹುದು.